ಕೆಟಮಿನ್ ಕೊಟ್ಟು ಥೆರಪಿ ಮಾಡುತ್ತಾರಂತೆ, ನಮ್ಮನೆಯವರಿಗೆ ಮಾಡಿಸಬಹುದಾ?

ಎಡಿಸನ್_ಸೊಸೆ:

ನಮಸ್ಕಾರ ಎಲ್ಲರಿಗೂ. ತುಂಬಾ ದಿನದಿಂದ ಇಲ್ಲಿ ಬರೀ ಓದಿಕೊಂಡು ಹೋಗುತ್ತಿದ್ದೆ. ಅಡುಗೆ, ವೀಸಾ ಬಿಟ್ಟು ಬೇರೆ ಏನನ್ನೂ ಕೇಳಿದವಳಲ್ಲ. ಇವತ್ತು ಕೇಳಲೇಬೇಕಾಗಿದೆ. ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮನೆಯವರಿಗೆ 43. ನಾವು ನ್ಯೂಜೆರ್ಸಿಗೆ ಬಂದು ಹನ್ನೊಂದು ವರ್ಷವಾಯಿತು. 2019ರ ಜನವರಿಯಲ್ಲಿ ಇವರು ಕಾರು ಓಡಿಸುತ್ತಿದ್ದಾಗ ರಸ್ತೆ ಮೇಲಿನ ಮಂಜುಗಡ್ಡೆಗೆ ಚಕ್ರ ಜಾರಿ ಕಾರು ಉರುಳಿತು. ಪಕ್ಕದಲ್ಲಿ ಕೂತಿದ್ದ ಗೆಳೆಯ ಹೋಗಿಬಿಟ್ಟರು. ಇವರಿಗೆ ಒಂದು ಕೈ ಮುರಿಯಿತು, ಅಷ್ಟೇ. "ಸದ್ಯ, ಇವರಿಗೆ ಏನೂ ಆಗಲಿಲ್ಲ" ಅಂತ ನಾವೆಲ್ಲ ಆಗ ಹೇಳಿಕೊಂಡು ಓಡಾಡಿದೆವು. ಅತ್ತೆ ಧರ್ಮಸ್ಥಳಕ್ಕೆ ಹೋಗಿ ಹರಕೆ ಕೂಡ ತೀರಿಸಿ ಬಂದರು.

ಆಮೇಲೆ ಶುರುವಾಯಿತು. ನಿದ್ದೆ ಇಲ್ಲ. ಹಿಮ ಬೀಳುತ್ತದೆ ಅಂತ ಹವಾಮಾನದವರು ಹೇಳಿದರೆ ಎರಡು ದಿನ ಮೊದಲೇ ಊಟ ಸೇರುವುದಿಲ್ಲ. ಮಗಳ ಜೊತೆ ಮಾತು ಕಡಿಮೆ. ಆಫೀಸಿನ ಕೆಲಸ ಮಾತ್ರ ಹೇಗೋ ಮಾಡಿಕೊಂಡು ಹೋಗುತ್ತಾರೆ, ಅದಕ್ಕೇ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಡಿಪ್ರೆಶನ್ ಅಂತ ಕೊಟ್ಟ ಮಾತ್ರೆಗಳಲ್ಲಿ ಸರ್ಟ್ರಾಲಿನ್ ಆಯಿತು, ವೆನ್ಲಾಫ್ಯಾಕ್ಸಿನ್ ಆಯಿತು, ಬ್ಯುಪ್ರೋಪಿಯಾನ್ ಆಯಿತು, ಅದರ ಮೇಲೆ ಅರಿಪಿಪ್ರಜೋಲ್ ಸೇರಿಸಿದ್ದೂ ಆಯಿತು. ತೂಕ ಏರಿತು, ಮನಸ್ಸು ಏಳಲಿಲ್ಲ. ವಾರಕ್ಕೊಮ್ಮೆ ಥೆರಪಿಸ್ಟ್ ಹತ್ತಿರ ಹೋಗುತ್ತಾರೆ. ಒಳ್ಳೆ ಹೆಂಗಸು. ಆದರೆ ಅಪಘಾತದ ವಿಷಯ ಬಂದ ಕೂಡಲೇ ಇವರ ಬಾಯಿಗೆ ಬೀಗ.

ಕಳೆದ ವಾರ ಸೈಕಿಯಾಟ್ರಿಸ್ಟ್ ಕೆಟಮಿನ್ ಬಗ್ಗೆ ಯೋಚಿಸಿ ಅಂದರು, ಆಪರೇಶನ್‌ಗೆ ಮತ್ತು ಬರಿಸಲು ಕೊಡುವ ಔಷಧವಂತೆ. ಅವರು ಹೇಳಿದ್ದು ಮೂರು ದಾರಿ. ಆಸ್ಪತ್ರೆಯಲ್ಲೇ ಕೂತು ಮೂಗಿಗೆ ಹೊಡೆದುಕೊಳ್ಳುವ ಸ್ಪ್ರೇ, ಅದಕ್ಕೆ ಇನ್ಶೂರೆನ್ಸ್ ಸಿಗಬಹುದು. ಇಲ್ಲವೇ ಖಾಸಗಿ ಕ್ಲಿನಿಕ್ಕಿನಲ್ಲಿ ಡ್ರಿಪ್. ನಾನು ಫೋನ್ ಮಾಡಿದ ಕಡೆ ಒಂದಕ್ಕೆ 525 ಡಾಲರ್, ಒಟ್ಟು ಆರು ಅಂದರು, ಆ ಕಡೆ ಉಗುರಿನ ಪಾರ್ಲರ್, ಈ ಕಡೆ ಪಿಜ್ಜಾ ಅಂಗಡಿ, ಮಧ್ಯೆ ಈ ಕ್ಲಿನಿಕ್. ಮೂರನೆಯದು, ಔಷಧ ಕೊಟ್ಟು ಥೆರಪಿಸ್ಟ್ ಜೊತೆಗೇ ಕೂರುವಂಥದ್ದು. ಇವರ ಸಹೋದ್ಯೋಗಿ ಒಬ್ಬರು ನಾಲ್ಕನೆಯದನ್ನೂ ಹೇಳಿದರು, ಫೋನಿನಲ್ಲೇ ಡಾಕ್ಟರ್ ನೋಡಿ ಮಾತ್ರೆಯನ್ನು ಮನೆಗೆ ಪಾರ್ಸೆಲ್ ಕಳಿಸುತ್ತಾರಂತೆ.

ನನಗೆ ಭಯ. ಇದು ನಶೆಯ ಪದಾರ್ಥ ಅಲ್ವಾ? ಆ ಸೀರಿಯಲ್ ನಟ ಮ್ಯಾಥ್ಯೂ ಪೆರಿ ಸತ್ತಿದ್ದು ಇದರಿಂದಲೇ ಅಲ್ವಾ? ಚಟ ಹತ್ತಿಬಿಟ್ಟರೆ? ಡಿಪ್ರೆಶನ್ ಜೊತೆಗೆ ಈ ಟ್ರಾಮಾಕ್ಕೂ, ಅಂದರೆ ಮನಸ್ಸಿನಲ್ಲಿ ಉಳಿದುಬಿಟ್ಟ ಅಪಘಾತದ ಆಘಾತಕ್ಕೂ, ಇದು ಕೆಲಸ ಮಾಡುತ್ತಾ? ನಾನು ಪಕ್ಕದಲ್ಲಿ ಕೂರಬಹುದಾ? ಶಿವಮೊಗ್ಗದಲ್ಲಿರುವ ಅತ್ತೆಗೆ ಏನೂ ಹೇಳಿಲ್ಲ, ಹೇಳಿದರೆ ಮುಂದಿನ ವಿಮಾನದಲ್ಲೇ ಬರುತ್ತಾರೆ. ಮಾಡಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

—

ಮತ್ತು_ಬರಿಸೋ_ಡಾಕ್ಟ್ರು:

ನೋಡಮ್ಮ, ನಾನು ಮನೋವೈದ್ಯ ಅಲ್ಲ. ದಾವಣಗೆರೆ ಕಡೆ 26 ವರ್ಷದಿಂದ ಅರಿವಳಿಕೆ ಕೊಡುವ ಕೆಲಸ ಮಾಡುತ್ತಿದ್ದೇನೆ. ಕೆಟಮಿನ್ ಜೊತೆ ನನಗೆ ಹಳೇ ಸ್ನೇಹ, ಅದರ ಬಗ್ಗೆ ಮಾತ್ರ ಹೇಳುತ್ತೇನೆ.

ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1962ರಲ್ಲಿ ಅಮೆರಿಕದ ಪಾರ್ಕ್-ಡೇವಿಸ್ ಕಂಪನಿಗಾಗಿ ಕ್ಯಾಲ್ವಿನ್ ಸ್ಟೀವನ್ಸ್ ಅನ್ನುವ ರಸಾಯನ ವಿಜ್ಞಾನಿ ತಯಾರಿಸಿದ್ದು. ಅದಕ್ಕೂ ಮೊದಲು ಇದ್ದ ಫೆನ್‌ಸೈಕ್ಲಿಡಿನ್ ಅನ್ನುವ ಔಷಧದಲ್ಲಿ ಆಪರೇಶನ್ ಮುಗಿದ ಮೇಲೆ ರೋಗಿಗಳು ಗಂಟೆಗಟ್ಟಲೆ ಹುಚ್ಚುಹುಚ್ಚಾಗಿ ಆಡುತ್ತಿದ್ದರು, ಅದಕ್ಕೆ ಬದಲಿ ಹುಡುಕುವಾಗ ಸಿಕ್ಕಿದ್ದು ಇದು. 1970ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು, ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳಿಗೆ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇವತ್ತಿಗೂ ಇದೆ. ನಮಗೆ ಯಾಕೆ ಇಷ್ಟ ಅಂದರೆ, ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಉಸಿರು ಸಾಮಾನ್ಯವಾಗಿ ನಿಲ್ಲುವುದಿಲ್ಲ, ಬಿಪಿ ಕುಸಿಯುವುದಿಲ್ಲ. ದೊಡ್ಡ ಯಂತ್ರಗಳಿಲ್ಲದ ಸಣ್ಣ ಆಸ್ಪತ್ರೆಯಲ್ಲಿ ಮಧ್ಯರಾತ್ರಿ ರಕ್ತ ಹೋಗಿ ಬಂದ ರೋಗಿಗೆ ಇದಕ್ಕಿಂತ ಒಳ್ಳೆಯ ಗೆಳೆಯ ಇಲ್ಲ.

ಎಚ್ಚರವಾಗುವಾಗ ಕೆಲವರು "ಡಾಕ್ಟ್ರೇ, ನಾನು ಗೋಡೆ ಒಳಗೆ ಹೋಗಿದ್ದೆ" ಅನ್ನುತ್ತಾರೆ. ಒಬ್ಬ ಅಜ್ಜಿ ತನ್ನ ತವರುಮನೆ ಬಾವಿ ಹತ್ತಿರ ಕೂತಿದ್ದೆ ಅಂದಳು. ಹಾಗೆಲ್ಲ ಆಗದಿರಲಿ ಅಂತಲೇ ನಾವು ಜೊತೆಗೆ ಮಿಡಜೋಲಾಮ್ ಅನ್ನುವ ಮಂಪರಿನ ಔಷಧ ಕೊಡುತ್ತೇವೆ. ನಾವು ಇಷ್ಟು ವರ್ಷ ಅಡ್ಡ ಪರಿಣಾಮ ಅಂತ ಅದುಮಿ ಇಟ್ಟಿದ್ದನ್ನೇ ಈಗ ಥೆರಪಿಯವರು ಬೇಕು ಅಂತ ಕೇಳುತ್ತಿದ್ದಾರೆ, ತಮಾಷೆ ನೋಡಿ.

ಪ್ರಮಾಣದ ವ್ಯತ್ಯಾಸ ತಿಳಿದುಕೊಳ್ಳಿ. 70 ಕಿಲೋ ತೂಕದವರಿಗೆ ಆಪರೇಶನ್‌ಗೆ ನಾನು 70ರಿಂದ 140 ಮಿಲಿಗ್ರಾಂ ರಕ್ತನಾಳಕ್ಕೆ ಒಂದು ನಿಮಿಷದಲ್ಲಿ ಕೊಡುತ್ತೇನೆ. ಡಿಪ್ರೆಶನ್‌ಗೆ ಕಿಲೋಗೆ ಅರ್ಧ ಮಿಲಿಗ್ರಾಂ, ಅಂದರೆ 35, ಅದನ್ನೂ ನಿಧಾನವಾಗಿ 40 ನಿಮಿಷ ಡ್ರಿಪ್‌ನಲ್ಲಿ. ಪ್ರಜ್ಞೆ ಪೂರ್ತಿ ಹೋಗುವುದಿಲ್ಲ. ಆದರೆ ಬಿಪಿ ಏರುತ್ತದೆ, ನಾಡಿ ಏರುತ್ತದೆ. ಹಿಡಿತಕ್ಕೆ ಸಿಗದ ಬಿಪಿ, ಮೆದುಳಿನ ಅಥವಾ ಎದೆಯ ರಕ್ತನಾಳ ಉಬ್ಬಿರುವುದು, ಹೃದಯದ ತೊಂದರೆ, ಹಿಂದೆ ಸೈಕೋಸಿಸ್ (ಇಲ್ಲದ್ದು ಕಾಣುವ, ಕೇಳಿಸುವ ಕಾಯಿಲೆ) ಆಗಿರುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಮೊದಲೇ ಬಾಯಿಬಿಟ್ಟು ಹೇಳಬೇಕು. ಕ್ಲಿನಿಕ್ಕಿನವರು ತಾವಾಗೇ ಕೇಳದಿದ್ದರೆ ಎದ್ದು ಬನ್ನಿ. ಕ್ಲೋನಾಜೆಪಾಮ್ ತರಹದ ಮಂಪರಿನ ಮಾತ್ರೆ, ಗುಂಡು ಹಾಕುವ ಅಭ್ಯಾಸ, ಇವೂ ಅವರಿಗೆ ಗೊತ್ತಿರಬೇಕು.

ನಶೆಯ ಪದಾರ್ಥವಾ? ಹೌದು, ಅದೂ ಹೌದು. ಅಮೆರಿಕದಲ್ಲಿ 1999ರಿಂದ ನಿಯಂತ್ರಿತ ಪಟ್ಟಿಯಲ್ಲಿದೆ. ನಮ್ಮಲ್ಲಿ ಶೆಡ್ಯೂಲ್ ಎಕ್ಸ್ ಅನ್ನುವ ಬಿಗಿ ನಿಯಂತ್ರಣದ ಪಟ್ಟಿಯಲ್ಲಿದೆ, ಚೀಟಿ ಎರಡು ಪ್ರತಿ ಬರೆಯಬೇಕು, ಅಂಗಡಿಯವನು ಒಂದನ್ನು ಎರಡು ವರ್ಷ ಇಟ್ಟುಕೊಳ್ಳಬೇಕು. ನಮ್ಮ ಥಿಯೇಟರಿನಲ್ಲಿ ಒಂದು ವಯಲ್ ಲೆಕ್ಕ ತಪ್ಪಿದರೆ ಆ ದಿನ ಯಾರಿಗೂ ಕಾಫಿ ಇಳಿಯುವುದಿಲ್ಲ. ದಿನಾ ಜಾಸ್ತಿ ಜಾಸ್ತಿ ಎಳೆದುಕೊಂಡವರಿಗೆ ಮೂತ್ರಕೋಶ ಸುಟ್ಟ ಹಾಗಾಗುತ್ತದೆ, ಹತ್ತು ನಿಮಿಷಕ್ಕೊಮ್ಮೆ ಓಡುತ್ತಾರೆ. ವೈದ್ಯರ ಕೈಕೆಳಗೆ ವಾರಕ್ಕೆರಡು ಸಲ ತೆಗೆದುಕೊಳ್ಳುವವರಲ್ಲಿ ಆ ಮಟ್ಟದ ತೊಂದರೆ ಅಪರೂಪ, ಆದರೂ ಉರಿ ಇದ್ದರೆ ಹೇಳಬೇಕು.

ಆ ನಟನ ವಿಷಯ. ಅವರು ಸತ್ತಿದ್ದು 2023ರ ಅಕ್ಟೋಬರ್ 28ಕ್ಕೆ, ಬಿಸಿನೀರಿನ ತೊಟ್ಟಿಯಲ್ಲಿ. ಡಿಪ್ರೆಶನ್‌ಗೆ ಕೆಟಮಿನ್ ಚಿಕಿತ್ಸೆ ನಡೆಯುತ್ತಿದ್ದದ್ದು ನಿಜ. ಆದರೆ ಕೊನೆಯ ಚಿಕಿತ್ಸೆ ಆಗಿ ಒಂದೂವರೆ ವಾರ ಕಳೆದಿತ್ತು ಅಂತ ಮರಣೋತ್ತರ ವರದಿಯಲ್ಲಿದೆ. ರಕ್ತದಲ್ಲಿ ಸಿಕ್ಕಿದ್ದು ನಾವು ಆಪರೇಶನ್‌ಗೆ ಕೊಡುವ ಮಟ್ಟದ್ದು. ಕಳ್ಳದಾರಿಯಲ್ಲಿ ತರಿಸಿ ಮನೆಯಲ್ಲಿ ಚುಚ್ಚಿಸಿಕೊಂಡಿದ್ದು, ನೋಡಿಕೊಳ್ಳುವವರು ಪಕ್ಕದಲ್ಲಿ ಇಲ್ಲ, ಸಾಲದ್ದಕ್ಕೆ ನೀರು. ಮುಂದಿನ ವರ್ಷ ಐದು ಜನರ ಮೇಲೆ ಕೇಸು ಬಿತ್ತು, ಅವರಲ್ಲಿ ಇಬ್ಬರು ಡಾಕ್ಟರುಗಳೇ, ನಾಚಿಕೆಗೇಡು. ಅದಕ್ಕೇ ಆ ಪಾರ್ಸೆಲ್ ಮಾತ್ರೆ ನನಗೆ ಒಂಚೂರೂ ಇಷ್ಟವಾಗಲಿಲ್ಲ. ಹೀಗೆ ಮಾನಸಿಕ ಕಾಯಿಲೆಗೆ ಅಂತ ಔಷಧ ಅಂಗಡಿಗಳೇ ತಯಾರಿಸಿ ಕೊಡುವ ಕೆಟಮಿನ್ ಬಗ್ಗೆ 2023ರ ಅಕ್ಟೋಬರಿನಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿದೆ. ಮನೆಯಲ್ಲಿ ಬಿಪಿ 190 ಆದರೆ ಫೋನ್ ಬಂದು ಇಂಜೆಕ್ಷನ್ ಕೊಡುತ್ತಾ?

—

ಸಿಯಾಟಲ್_ಜಡಿಮಳೆ:

ಅಕ್ಕಾ, ನಾನು ಮಾಡಿಸಿಕೊಂಡವನು. ಎರಡು ಸಲ, ಎರಡು ಬೇರೆ ರೀತಿಯಲ್ಲಿ. ನನ್ನ ಟ್ರಾಮಾ ಚಿಕ್ಕಂದಿನದು, ಮನೆಯೊಳಗಿನದು, ಅದನ್ನು ಇಲ್ಲಿ ಬರೆಯುವುದಿಲ್ಲ.

ಮೊದಲನೆಯದು 2022ರಲ್ಲಿ, ನೀವು ಹೇಳಿದ ಹಾಗೇ ಡ್ರಿಪ್ ಕ್ಲಿನಿಕ್. ಒಳ್ಳೆ ಕುರ್ಚಿ, ಒಳ್ಳೆ ಹೊದಿಕೆ, ಗೋಡೆ ಮೇಲೆ ಕಾಡಿನ ಚಿತ್ರ. ನರ್ಸ್ ಸೂಜಿ ಹಾಕಿ ಪರದೆ ಎಳೆದು ಹೋದರೆ ಮುಗೀತು, ಮತ್ತೆ ಬರುತ್ತಿದ್ದದ್ದು ಸೂಜಿ ತೆಗೆಯುವುದಕ್ಕೆ. ಮೊದಲ ಸಲ ಆದ ಎರಡನೇ ದಿನ ಬೆಳಿಗ್ಗೆ ಎದ್ದು ಸಿಂಕಿನಲ್ಲಿದ್ದ ಪಾತ್ರೆ ತೊಳೆದೆ. ಯಾರೂ ಹೇಳಿರಲಿಲ್ಲ. ತೊಳೆದು ಮುಗಿದ ಮೇಲೆ ಗೊತ್ತಾಯಿತು ತೊಳೆದೆ ಅಂತ. ಎಂಟು ತಿಂಗಳಿಂದ ಒಂದು ಲೋಟ ಎತ್ತಿಟ್ಟವನಲ್ಲ ನಾನು, ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಆದ್ದರಿಂದ ಕೆಲಸ ಮಾಡಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ. ಆದರೆ ಮೂರನೇ ಸಲ ಕೆಟ್ಟದಾಗಿತ್ತು. ಯಾವುದರ ಹತ್ತಿರ ಮೂವತ್ತು ವರ್ಷದಿಂದ ಹೋಗಿರಲಿಲ್ಲವೋ ಅದರ ಮುಂದೆಯೇ ಹೋಗಿ ನಿಂತೆ, ಪರದೆ ಆಚೆ ಯಾರೂ ಇಲ್ಲ, ಕೂಗೋಣ ಅಂದರೆ ನಾಲಿಗೆ ನನ್ನದಲ್ಲ. ಮುಗಿದ ಮೇಲೆ ಜ್ಯೂಸ್ ಕೊಟ್ಟು ಟ್ಯಾಕ್ಸಿ ಹತ್ತಿಸಿದರು. ಆರು ಮುಗಿಸಿದೆ. ಮೂರು ವಾರಕ್ಕೆ ಎಲ್ಲ ಮೊದಲಿನ ಹಾಗೆ.

ಎರಡನೆಯದು ಮುಂದಿನ ವರ್ಷ, ಥೆರಪಿಸ್ಟ್ ಜೊತೆ. ಔಷಧ ಬರೆದದ್ದು, ಬಿಪಿ ನೋಡಿದ್ದು ಡಾಕ್ಟರ್, ಪಕ್ಕದಲ್ಲಿ ಕೂತದ್ದು ಥೆರಪಿಸ್ಟ್. ಮೊದಲು ಮೂರು ಭೇಟಿ ಔಷಧವೇ ಇಲ್ಲ, ಬರೀ ಮಾತು. ಭಯವಾದರೆ ಏನು ಮಾಡೋಣ, ಕೈ ಹಿಡಿಯಬಹುದಾ ಬೇಡವಾ, ಹಿಡಿದರೆ ಯಾವ ಕೈ, ಇಷ್ಟು ಸಣ್ಣದನ್ನೂ ಮೊದಲೇ ಮಾತಾಡಿ ಬರೆದಿಟ್ಟರು. ಆ ದಿನ ಹೊಟ್ಟೆ ಖಾಲಿ ಇರಬೇಕು. ನಾಲಿಗೆ ಅಡಿ ಮಾತ್ರೆ ಇಟ್ಟು ಹತ್ತು ಹದಿನೈದು ನಿಮಿಷ ಹಿಡಿದುಕೊಂಡು ಉಗುಳಬೇಕು. ಅದರ ರುಚಿ ಇದೆಯಲ್ಲ, ಬೇವು ಅರೆದು ಪೆಪ್ಪರಮೆಂಟ್ ಬೆರೆಸಿದ ಹಾಗೆ, ದೇವರಿಗೇ ಪ್ರೀತಿ. ಕಣ್ಣಿಗೆ ಪಟ್ಟಿ, ಕಿವಿಗೆ ಮಾತಿಲ್ಲದ ಸಂಗೀತ.

ಆಮೇಲೆ ಏನಾಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಖುಷಿ ಏನಲ್ಲ. ಕೈ ಎಲ್ಲೋ ದೂರದಲ್ಲಿದೆ, ಕೋಣೆ ಉದ್ದವಾಗಿದೆ, ಹೊತ್ತು ಎಷ್ಟಾಯಿತು ಗೊತ್ತಿಲ್ಲ. ಆ ಹಳೇ ಘಟನೆ ಬಂತು, ಆದರೆ ನಾನು ಅದರ ಒಳಗಿರಲಿಲ್ಲ, ಅಟ್ಟದ ಕಿಂಡಿಯಿಂದ ಜಗಲಿ ನೋಡಿದ ಹಾಗೆ ಮೇಲಿಂದ ನೋಡುತ್ತಿದ್ದೆ. ಮೊದಲ ಸಲ ಮೈ ನಡುಗದೆ ಅದನ್ನು ನೋಡಿದ್ದು ಆವತ್ತು.

ಈಗ ನಿಮಗೆ ಹೇಳಲೇಬೇಕಾದ ಒಂದು ಮಾತು, ಇದನ್ನು ಯಾವ ಕ್ಲಿನಿಕ್ಕಿನವರೂ ಹೇಳಲ್ಲ. ನಾನು ಆ ಹೊತ್ತಿನಲ್ಲಿ ಮಾತಾಡಿದ್ದು ಕನ್ನಡದಲ್ಲಿ. ಇಪ್ಪತ್ತು ವರ್ಷದಿಂದ ಇಂಗ್ಲಿಷಿನಲ್ಲೇ ಬದುಕುತ್ತಿದ್ದೇನೆ, ಥೆರಪಿಯೂ ಇಂಗ್ಲಿಷಿನಲ್ಲೇ, ಆದರೆ ಬಾಯಿಂದ ಬಂದದ್ದು ನಮ್ಮ ಹಾಸನದ ಕಡೆಯ ಕನ್ನಡ. ಆ ಹೆಂಗಸಿಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಕಿವಿಗೆ ಬಿದ್ದ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದರು. ಮಾರನೇ ದಿನದ ಭೇಟಿಯಲ್ಲಿ ಅವರು ಅದನ್ನು ತಡವರಿಸುತ್ತಾ ಓದಿದರು, "ಬಾಗಿಲು ತೆಗಿ. ಬಾಗಿಲು ತೆಗಿ." ಮುಂದಿನ ನಾಲ್ಕು ವಾರ ನಾವು ಮಾತಾಡಿದ್ದೆಲ್ಲ ಆ ಎರಡು ಪದದ ಬಗ್ಗೆ. ಅದಕ್ಕೇ ಹೇಳುತ್ತೇನೆ, ಇವರ ಥೆರಪಿಸ್ಟ್‌ಗೆ ಕನ್ನಡ ಬರದಿದ್ದರೆ ಮೊದಲೇ ಮಾತಾಡಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿಸಿ. ಭಾವನವರು ಒಪ್ಪಿದರೆ ಮಾತ್ರ, ಮತ್ತು ಅದನ್ನು ಮೊದಲು ಕೇಳುವವರು ಅವರೇ ಆಗಿರಲಿ, ನೀವಲ್ಲ.

ಪಕ್ಕದಲ್ಲಿ ಕೂರುವುದು ಬೇಡ ಅಂತ ನನ್ನ ಅನಿಸಿಕೆ. ನನ್ನ ಹೆಂಡತಿ ಹೊರಗೆ ಕೂತಿದ್ದಳು. ಒಳಗಿದ್ದಿದ್ದರೆ ಅವಳಿಗೆ ನೋವಾಗಬಾರದು ಅಂತ ನಾನು ಬಾಯಿ ಕಟ್ಟಿಕೊಂಡೇ ಇರುತ್ತಿದ್ದೆ. ಮನೆಗೆ ಬಂದ ಮೇಲೆ "ಏನು ಕಂಡಿತು" ಅಂತ ಕೇಳಬೇಡಿ. ಅವಳು ಅನ್ನ ಸಾರು ಇಟ್ಟು ಸುಮ್ನೆ ಪಕ್ಕದಲ್ಲಿ ಕೂತಳು, ಅಷ್ಟು ಸಾಕಾಗಿತ್ತು. ವಾಕರಿಕೆ ಬರಬಹುದು, ಅದಕ್ಕೆ ಮಾತ್ರೆ ಕೊಡುತ್ತಾರೆ. ಮಾರನೇ ದಿನ ನಿದ್ದೆ ಮಾಡಿ ಏಳುವವರೆಗೆ ಕಾರಿನ ಕೀಲಿ ಕೈಗೆ ಕೊಡಬೇಡಿ. ಆಮೇಲಿನ ಮೂರು ನಾಲ್ಕು ದಿನ ಮನಸ್ಸು ಹದವಾಗಿ ಕಲಸಿದ ಹಿಟ್ಟಿನ ಹಾಗಿರುತ್ತದೆ, ಆಗ ಥೆರಪಿ ಭೇಟಿ ಇರಲೇಬೇಕು. ನಾನು ಮೊದಲ ಸಲ ಆ ದಿನಗಳನ್ನೆಲ್ಲ ಆಫೀಸ್ ಮೀಟಿಂಗಿನಲ್ಲಿ ಕಳೆದೆ, ಹಿಟ್ಟು ಒಣಗಿ ಹೋಯಿತು.

ಖರ್ಚು? ಒಂದಕ್ಕೆ 1,100 ಡಾಲರ್, ಇನ್ಶೂರೆನ್ಸಿನವರು ಚಿಕ್ಕಾಸೂ ಕೊಡಲಿಲ್ಲ. ಐದಕ್ಕೆ ನಿಲ್ಲಿಸಿದೆ. ಡಿಪ್ರೆಶನ್ ಅಳೆಯುವ ಆ ಒಂಬತ್ತು ಪ್ರಶ್ನೆಯ ಹಾಳೆ ಇದೆಯಲ್ಲ, ಅದರಲ್ಲಿ 21 ಇದ್ದದ್ದು 8ಕ್ಕೆ ಬಂತು. ಮಾತ್ರೆ ಇವತ್ತಿಗೂ ನುಂಗುತ್ತೇನೆ.

—

ಲೆಕ್ಕ_ಕೇಳೋನು:

ಮೇಲಿನವರಿಗೆ ಒಳ್ಳೆಯದಾಯಿತು, ಸಂತೋಷ. ಆದರೆ ನಾನು ಔಷಧ ಪ್ರಯೋಗಗಳ ಅಂಕಿ ನೋಡುವ ಕೆಲಸ ಮಾಡುವವನು, ಸ್ವಲ್ಪ ತಣ್ಣೀರು ಸುರಿಯಲೇಬೇಕು.

ಮೊದಲು ಒಳ್ಳೆಯ ಸುದ್ದಿ. 2000ದಲ್ಲಿ ಯೇಲ್‌ನವರು ಬೆರಳೆಣಿಕೆಯ ರೋಗಿಗಳ ಮೇಲೆ ಮಾಡಿದ ಸಣ್ಣ ಪ್ರಯೋಗದಿಂದ ಇದು ಶುರು. 2006ರಲ್ಲಿ ಅಮೆರಿಕ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 18 ಜನರ ಮೇಲೆ ಮಾಡಿದಾಗ ಒಂದೇ ಡ್ರಿಪ್‌ಗೆ ಒಂದು ದಿನದಲ್ಲಿ ನೂರಕ್ಕೆ 71 ಜನರಿಗೆ ಫಲ ಕಂಡಿತು. ಮಾಮೂಲಿ ಮಾತ್ರೆಗೆ ವಾರಗಟ್ಟಲೆ ಕಾಯಬೇಕು, ಇದು ಗಂಟೆಗಳ ಲೆಕ್ಕ, ಅದಕ್ಕೇ ಎಲ್ಲರೂ ಎದ್ದು ಕೂತರು. ಆದರೆ ಒಂದು ವಾರ ಆ ಫಲ ಉಳಿದದ್ದು ನೂರಕ್ಕೆ 35 ಜನರಿಗೆ. ಜಡಿಮಳೆಯವರಿಗೆ ಮೂರು ವಾರಕ್ಕೆ ಇಳಿದದ್ದು ಏನೂ ಆಶ್ಚರ್ಯ ಅಲ್ಲ. 2023ರಲ್ಲಿ ಕರೆಂಟ್ ಚಿಕಿತ್ಸೆ (ತಲೆಗೆ ಕರೆಂಟ್ ಕೊಡುವ ಇಸಿಟಿ) ಜೊತೆ ಹೋಲಿಸಿದ ದೊಡ್ಡ ಪ್ರಯೋಗ ಬಂತು, 403 ಜನ. ಸೈಕೋಸಿಸ್ ಇಲ್ಲದ, ಔಷಧಕ್ಕೆ ಜಗ್ಗದ ಡಿಪ್ರೆಶನ್‌ನಲ್ಲಿ ಮೂರು ವಾರಕ್ಕೆ ಕೆಟಮಿನ್‌ಗೆ 55.4, ಕರೆಂಟ್‌ಗೆ 41.2 ಪ್ರತಿಶತ ಜನರಿಗೆ ಫಲ. ಚೆನ್ನಾಗಿಯೇ ಇದೆ.

ಈಗ ತಕರಾರು. ಕೆಟಮಿನ್ ಸಿಕ್ಕಿದವನಿಗೆ ಸಿಕ್ಕಿದೆ ಅಂತ ಗೊತ್ತಾಗಿಬಿಡುತ್ತದೆ, ಕೋಣೆ ಉದ್ದವಾದ ಮೇಲೆ ಇದು ಬರೀ ಉಪ್ಪುನೀರು ಅಂತ ಯಾರು ನಂಬುತ್ತಾರೆ? ಸ್ಟ್ಯಾನ್‌ಫರ್ಡ್‌ನವರು ಇದಕ್ಕೊಂದು ಉಪಾಯ ಮಾಡಿದರು. ಬೇರೆ ಯಾವುದೋ ಆಪರೇಶನ್‌ಗೆ ಬಂದ, ಡಿಪ್ರೆಶನ್ ಇರುವ 40 ಜನರಿಗೆ ಪೂರ್ತಿ ಪ್ರಜ್ಞೆ ತಪ್ಪಿದ ಮೇಲೆ ಅರ್ಧ ಜನಕ್ಕೆ ಕೆಟಮಿನ್, ಅರ್ಧ ಜನಕ್ಕೆ ಉಪ್ಪುನೀರು ಕೊಟ್ಟರು. 2023ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪು ಒಂದೇ ತರಹ ಚೇತರಿಸಿಕೊಂಡಿತು! ನನಗೆ ಸಿಕ್ಕಿದ್ದು ಕೆಟಮಿನ್ನೇ ಅಂದುಕೊಂಡವರಿಗೆ ಜಾಸ್ತಿ ಗುಣವಾಗಿತ್ತು. ಹಾಗಾದರೆ ಔಷಧವೇ ಸುಳ್ಳು ಅಂತಲ್ಲ, ಎಚ್ಚರವಾಗಿದ್ದು ಅನುಭವಿಸುವುದೇ ಮುಖ್ಯ ಅಂತಲೂ ವಾದ ಮಾಡಬಹುದು. ಆದರೆ ನಂಬಿಕೆಯ ಪಾಲು ಸಣ್ಣದಲ್ಲ. ಮತ್ತು ಆ ನಂಬಿಕೆಯನ್ನು ಕ್ಲಿನಿಕ್ಕುಗಳು ಒಂದಕ್ಕೆ 525 ಡಾಲರಿನಂತೆ ಮಾರುತ್ತಿವೆ.

ಟ್ರಾಮಾ ಕೇಳಿದಿರಿ. ನ್ಯೂಯಾರ್ಕಿನಲ್ಲಿ 30 ಜನರಿಗೆ ಎರಡು ವಾರದಲ್ಲಿ ಆರು ಡ್ರಿಪ್ ಕೊಟ್ಟ ಪ್ರಯೋಗ 2021ರಲ್ಲಿ ಬಂತು, ನೂರಕ್ಕೆ 67 ಜನರಿಗೆ ಉಪಯೋಗ, ಹೋಲಿಕೆಗೆ ಮಿಡಜೋಲಾಮ್ ಕೊಟ್ಟವರಲ್ಲಿ 20. ಮರುವರ್ಷ 158 ಸೈನಿಕರು, ಮಾಜಿ ಸೈನಿಕರ ಮೇಲೆ ಇನ್ನೂ ದೊಡ್ಡದು ಮಾಡಿದರು. ಡಿಪ್ರೆಶನ್ ಇಳಿಯಿತು, ಟ್ರಾಮಾದ ಲಕ್ಷಣಗಳಲ್ಲಿ ಉಪ್ಪುನೀರಿಗಿಂತ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಒಂದು ಹೌದು, ಒಂದು ಇಲ್ಲ. ಟ್ರಾಮಾಕ್ಕೆ ಅಂತ ಕೆಟಮಿನ್‌ಗೂ ಒಪ್ಪಿಗೆ ಇಲ್ಲ, ಸ್ಪ್ರೇಗೂ ಇಲ್ಲ. ಡಿಪ್ರೆಶನ್‌ಗೂ ಒಪ್ಪಿಗೆ ಇರುವುದು ಮೂಗಿನ ಸ್ಪ್ರೇಗೆ ಮಾತ್ರ, ಎಸ್ಕೆಟಮಿನ್, 2019ರ ಮಾರ್ಚಿನಿಂದ. ಡ್ರಿಪ್, ಮಾತ್ರೆ ಎಲ್ಲ ಡಾಕ್ಟರು ತಮ್ಮ ಜವಾಬ್ದಾರಿಯಲ್ಲಿ ಬರೆಯುವುದು. ಜೊತೆಗೆ ಥೆರಪಿ ಸೇರಿಸಿದರೆ ಡಿಪ್ರೆಶನ್ ಜಾಸ್ತಿ ಗುಣವಾಗುತ್ತದೆ ಅನ್ನುವುದಕ್ಕೆ ದೊಡ್ಡ ಪ್ರಯೋಗಗಳ ಆಧಾರ ಇನ್ನೂ ತೆಳುವಾಗಿದೆ. ಕುಡಿತ ಬಿಡಿಸುವುದಕ್ಕೆ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ 96 ಜನರ ಮೇಲೆ ಒಳ್ಳೆಯ ಕೆಲಸ ಆಗಿದೆ, ಅದು ಬೇರೆ ಕಾಯಿಲೆ.

ನನ್ನ ಸಲಹೆ, ಮೊದಲು ಇನ್ಶೂರೆನ್ಸ್ ಸಿಗುವ ಸ್ಪ್ರೇ ನೋಡಿ. ಮುಖ್ಯವಾಗಿ ಎರಡು ಮಾತ್ರೆ ವಿಫಲವಾದವರಿಗೆ ಅದು ಇರುವುದು, ಭಾವನವರಿಗೆ ಅದಕ್ಕಿಂತ ಜಾಸ್ತಿಯೇ ಆಗಿದೆ. ಮೊದಲ ನಾಲ್ಕು ವಾರ ವಾರಕ್ಕೆರಡು ಸಲ, ಪ್ರತಿ ಸಲ ಕನಿಷ್ಠ ಎರಡು ಗಂಟೆ ಅಲ್ಲೇ ಕೂರಿಸಿ ಬಿಪಿ ನೋಡುತ್ತಾರೆ, ಮನೆಗೆ ಕೊಟ್ಟು ಕಳಿಸುವುದಿಲ್ಲ.

—

ಸಿಯಾಟಲ್_ಜಡಿಮಳೆ:

ಲೆಕ್ಕದವರೇ, ಅಂಕಿ ಎಲ್ಲ ಒಪ್ಪಿದೆ. ನನ್ನದು ನಂಬಿಕೆಯಿಂದಲೇ ಗುಣವಾಗಿದ್ದರೆ ಆ ನಂಬಿಕೆ ಮೊದಲಿನ ನಾಲ್ಕು ಮಾತ್ರೆಗೆ ಯಾಕೆ ಬರಲಿಲ್ಲ ಅಂತ ಒಂದು ಸಲ ಅನಿಸುತ್ತೆ, ಇರಲಿ. ಸ್ಪ್ರೇ ತೆಗೆದುಕೊಳ್ಳುವುದೇ ಬುದ್ಧಿವಂತಿಕೆ ಅಂತ ನನಗೂ ಅನಿಸುತ್ತದೆ. ಒಂದೇ ಮಾತು ಸೇರಿಸುತ್ತೇನೆ, ಅವರ ಈಗಿನ ಥೆರಪಿಸ್ಟ್ ಭೇಟಿಯನ್ನು ಸ್ಪ್ರೇ ಆದ ಮಾರನೇ ದಿನಕ್ಕೆ ಬದಲಾಯಿಸಿಕೊಳ್ಳಿ. ಅದಕ್ಕೆ ಹೆಚ್ಚಿಗೆ ದುಡ್ಡು ಬೇಕಾಗಿಲ್ಲ.

—

ಲೆಕ್ಕ_ಕೇಳೋನು:

ಇದು ಒಳ್ಳೆ ಐಡಿಯಾ. ಇದಕ್ಕೆ ನನ್ನ ತಕರಾರಿಲ್ಲ.

—

ಜಯನಗರ_4ನೇ_ಬ್ಲಾಕ್:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇದು ಬೆಂಗಳೂರಲ್ಲಿ ಸಿಗುತ್ತಾ? ನನ್ನ ತಮ್ಮನಿಗೆ ಆರು ವರ್ಷದಿಂದ ಇದೇ ಪಾಡು. ಇಂಟರ್ನೆಟ್ಟಿನಲ್ಲಿ "ಗೋವಾದಲ್ಲಿ ರಿಟ್ರೀಟ್" ಅಂತೆಲ್ಲ ಬರುತ್ತೆ.

—

ಮತ್ತು_ಬರಿಸೋ_ಡಾಕ್ಟ್ರು:

ರಿಟ್ರೀಟ್ ಗಿಟ್ರೀಟ್ ಬಿಟ್ಟುಬಿಡಿ ಸ್ವಾಮಿ. ಎಸ್ಟೇಟಿನಲ್ಲಿ ಚಾಪೆ ಹಾಸಿ ಕೆಟಮಿನ್ ಕೊಡುವವನಿಗೆ ಅದು ಎಲ್ಲಿಂದ ಬಂತು ಅಂತ ಕೇಳಿ, ಉತ್ತರ ಕೊಡಲ್ಲ. ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯೊಳಗೂ ಇದು ಇದೆ.

ಮನೋವೈದ್ಯರು ಆಸ್ಪತ್ರೆಯಲ್ಲಿ ಅರಿವಳಿಕೆಯವರನ್ನು ಪಕ್ಕದಲ್ಲಿ ಇಟ್ಟುಕೊಂಡು ಡ್ರಿಪ್ ಕೊಡುವುದು ನಮ್ಮಲ್ಲೂ ಇದೆ, ಔಷಧ ಅಗ್ಗ, ಆಸ್ಪತ್ರೆ ಖರ್ಚೇ ಜಾಸ್ತಿ. ಆದರೆ ಪಕ್ಕದಲ್ಲಿ ಗಂಟೆಗಟ್ಟಲೆ ಕೂತು ಮಾತಾಡಿಸುವ ಥೆರಪಿಸ್ಟ್ ಸಿಗುವುದು ಅಪರೂಪ. ಮೊದಲು ತಮ್ಮನನ್ನು ನಿಮ್ಹಾನ್ಸ್ ಹೊರರೋಗಿ ವಿಭಾಗಕ್ಕೆ ಕರೆದುಕೊಂಡು ಹೋಗಿ, ಬೆಳಿಗ್ಗೆ ಬೇಗ, ತಿಂಡಿ ಕಟ್ಟಿಕೊಂಡು. ಇದುವರೆಗೆ ತೆಗೆದುಕೊಂಡ ಎಲ್ಲ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ತಿಂಗಳು, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಔಷಧಕ್ಕೆ ಜಗ್ಗದ ಡಿಪ್ರೆಶನ್ ಅಂತ ಬರುವ ಎಷ್ಟೋ ಜನ ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ದಿನ ಮಾತ್ರೆಯನ್ನೇ ತೆಗೆದುಕೊಂಡಿರುವುದಿಲ್ಲ, ಥೈರಾಯ್ಡ್ ನೋಡಿಸಿರುವುದಿಲ್ಲ. ಕರೆಂಟ್ ಚಿಕಿತ್ಸೆ ಅಂದರೆ ಬೆಚ್ಚಬೇಡಿ, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅರಿವಳಿಕೆ ಇಲ್ಲದೆ ಕೊಡುವ ಹಾಗೇ ಇಲ್ಲ, ನಮ್ಮಂಥವರು ತಲೆ ಹತ್ತಿರ ನಿಂತಿರುತ್ತೇವೆ. ಮತ್ತೆ ತಮ್ಮ ಸಾಯುವ ಮಾತಾಡುತ್ತಿದ್ದರೆ ಇದನ್ನೆಲ್ಲ ಓದುತ್ತಾ ಕೂರಬೇಡಿ, ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಈಗಲೇ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

—

ಎಡಿಸನ್_ಸೊಸೆ:

ಹತ್ತು ದಿನ ಆಯಿತು, ಉತ್ತರ ಬರೆಯದಿದ್ದಕ್ಕೆ ಕ್ಷಮಿಸಿ. ಎಲ್ಲವನ್ನೂ ಇವರಿಗೂ ಓದಿಸಿದೆ. ಸುಮ್ನೆ ಓದಿದರು. "ಬಾಗಿಲು ತೆಗಿ" ಬಂದಲ್ಲಿ ಫೋನ್ ಕೆಳಗಿಟ್ಟು ಹೊರಗೆ ಹೋಗಿ ಹದಿನೈದು ನಿಮಿಷ ನಿಂತು ಬಂದರು.

ಸ್ಪ್ರೇಗೆ ಇನ್ಶೂರೆನ್ಸ್ ಒಪ್ಪಿಗೆ ಬಂದಿದೆ. ಡಾಕ್ಟರ್ ಸರ್ ಹೇಳಿದ ಹಾಗೆ ಎಲ್ಲ ಕೇಳಿದೆ, ಬಿಪಿ 138/88 ಇತ್ತು, ಮೊದಲು ಅದನ್ನು ಸರಿಮಾಡಿಕೊಂಡು ಬನ್ನಿ ಅಂತ ಅವರೇ ವಾಪಸ್ ಕಳಿಸಿದರು. ಮೊದಲು ಸಿಟ್ಟು ಬಂತು, ಆಮೇಲೆ ಇದೇ ಸರಿಯಾದ ಜಾಗ ಅನಿಸಿತು. ಉಪ್ಪಿನಕಾಯಿ ಬಾಟಲಿ ಎತ್ತಿಟ್ಟಿದ್ದೇನೆ. ಪಿಜ್ಜಾ ಅಂಗಡಿ ಪಕ್ಕದವರು ದಿನಾ "ಈ ವಾರ ಮಾತ್ರ ರಿಯಾಯಿತಿ" ಅಂತ ಮೆಸೇಜ್ ಕಳಿಸುತ್ತಿದ್ದಾರೆ, ಬ್ಲಾಕ್ ಮಾಡಿದೆ.

ಥೆರಪಿಸ್ಟ್ ಭೇಟಿಯನ್ನು ಮಾರನೇ ದಿನಕ್ಕೆ ಹಾಕಿಸಿದ್ದಾಯಿತು. ರೆಕಾರ್ಡ್ ವಿಷಯ ಇವರೇ ಕೇಳಿದರು, ಸ್ಪ್ರೇ ಕೊಡುವ ಕಡೆ ತಮ್ಮ ಫೋನಿನಲ್ಲಿ ಮಾಡಿಕೊಳ್ಳಬಹುದು ಅಂದರಂತೆ. ಕನ್ನಡ ಬಂದರೆ ಏನು ಮಾಡೋಣ ಅಂತ ಥೆರಪಿಸ್ಟ್‌ಗೆ ಕೇಳಿದ್ದಕ್ಕೆ, ಇವರೇ ಕನ್ನಡದಲ್ಲಿ ಮೊದಲು ಹೇಳಲಿ, ಬೇಕಾದರೆ ಆಮೇಲೆ ಇಂಗ್ಲಿಷಿಗೆ ತಿರುಗಿಸಲಿ, ಅವಸರ ಇಲ್ಲ ಅಂದರಂತೆ. ಆರು ವರ್ಷದಲ್ಲಿ ಇದು ನಮಗೇ ಹೊಳೆದಿರಲಿಲ್ಲ ನೋಡಿ. ಅತ್ತೆಗೆ "ಹೊಸ ಚಿಕಿತ್ಸೆ" ಅಂತಷ್ಟೇ ಹೇಳಿದೆ. ವಿಮಾನ ಹತ್ತಿಲ್ಲ, ಇನ್ನೂ.

ಒಂದು ಸಣ್ಣ ಸಹಾಯ ಬೇಕು. ಆ ಎರಡು ಗಂಟೆ ಕಿವಿಗೆ ಏನಾದರೂ ಹಾಕಿಕೊಳ್ಳಬಹುದಂತೆ. ವೀಣೆ ಬೇಡ, ಕೊಳಲು ಬೇಡ, ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಬೇಕು ಅಂದರು. ಅಪಘಾತ ಹಿಮದಲ್ಲಿ ಆದದ್ದು, ಮಳೆ ಪರವಾಗಿಲ್ಲ ಅಂತ ಥೆರಪಿಸ್ಟ್ ಹತ್ತಿರ ಕೇಳಿಕೊಂಡೆವು. ಯೂಟ್ಯೂಬಿನಲ್ಲಿ ಇರುವುದೆಲ್ಲ ತಗಡಿನ ಮೇಲೆ ಬೀಳುವ ಮಳೆ, ಇದು ನಮ್ಮ ಮಳೆ ಅಲ್ಲ ಅನ್ನುತ್ತಾರೆ. ಯಾರ ಹತ್ತಿರವಾದರೂ ಇದೆಯಾ?

—

ಕೊಪ್ಪದ_ಹುಡುಗಿ:

ನನ್ನ ಹತ್ತಿರ ಇದೆ ಅಕ್ಕ, ಹೋದ ವರ್ಷ ಆಷಾಢದಲ್ಲಿ ನಮ್ಮ ಜಗಲಿಯಲ್ಲಿ ಕೂತು ತೆಗೆದದ್ದು. ಒಂದು ಗಂಟೆ ಹತ್ತು ನಿಮಿಷ ಇದೆ. ನಡುವೆ ಒಂದು ಕಡೆ ನಾಯಿ ಬೊಗಳುತ್ತೆ, ಅಜ್ಜ ಅದಕ್ಕೆ ಬೈಯುತ್ತಾರೆ. ಅದನ್ನು ಕತ್ತರಿಸಿ ಕಳಿಸಲಾ?

—

ಎಡಿಸನ್_ಸೊಸೆ:

ಇವರನ್ನು ಕೇಳಿದೆ. ನಾಯಿ ಇರಲಿ, ಅಜ್ಜನೂ ಇರಲಿ ಅಂದರು.